ದಖನ್ನಿನ ಕರಿಕಲ್ಲಿನ ಬೇರು ಎಷ್ಟು ಆಳ?

ವಿಜಯಪುರದ ಗೋಳಗುಮ್ಮಟಕ್ಕೆ ಬಳಸಿದ ಬೂದುಗಪ್ಪು ಕಲ್ಲು, ಊರಾಚೆಯ ಹೊಲಗಳ ಎರೆಮಣ್ಣು, ಎರಡರ ಮೂಲವೂ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಬಸಾಲ್ಟ್ ಆಯಿತು, ಅದೇ ಬಸಾಲ್ಟ್ ಸವೆದು ಎರೆಯಾಯಿತು. ಬೀದರ್, ಕಲಬುರಗಿ, ಬೆಳಗಾವಿಗಳಲ್ಲಿ ಇರುವುದು ದಖನ್ ಟ್ರ್ಯಾಪ್ ಎಂಬ ಈ ಲಾವಾಹಾಸಿನ ತೆಳು ಅಂಚು ಮಾತ್ರ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದಪ್ಪ. ಸವೆದು ಉಳಿದದ್ದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಇದರ ಬಹುಪಾಲು ಉಕ್ಕಿ ಹರಿಯಲು ಹಿಡಿದದ್ದು ಬರೀ 10 ಲಕ್ಷ ವರ್ಷದ ಆಸುಪಾಸು. ಇಷ್ಟೊಂದು ಬಂಡೆಯನ್ನು ಇಷ್ಟು ಬೇಗ ಕರಗಿಸಿದ್ದು ಏನು ಎಂಬುದರ ಮೇಲೆ ಭೂವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ.

ಒಂದು ಬಣ ಕೈತೋರಿಸುವುದು 2,900 ಕಿಲೋಮೀಟರ್ ಕೆಳಗೆ, ಭೂಮಿಯ ಗರ್ಭವೂ ಅದರ ಮೇಲಿನ ಕವಚವೂ ಸೇರುವ ಗಡಿಯ ಕಡೆಗೆ. ಅಲ್ಲಿ ಬಿಸಿಯೇರಿದ ಬಂಡೆ ಘನರೂಪದಲ್ಲೇ ನಿಧಾನವಾಗಿ ಮೇಲೇರುತ್ತದೆ ಎಂದು 1971ರಲ್ಲಿ ಜೇಸನ್ ಮಾರ್ಗನ್ ಹೇಳಿದರು. ಅದಕ್ಕೆ ಪ್ಲೂಮ್ ಎಂದು ಹೆಸರು. 1989ರಲ್ಲಿ ರಿಚರ್ಡ್ಸ್, ಡಂಕನ್, ಕೂರ್ತಿಯೊ ಈ ಚಿತ್ರವನ್ನು ಬೆಳೆಸಿದರು: ಪ್ಲೂಮಿನ ದೊಡ್ಡ ತಲೆ ಮೇಲೆ ತಲುಪಿದಾಗ ದಖನ್‌ನಂಥ ಮಹಾಪ್ರವಾಹ, ಹಿಂದೆ ಉಳಿದ ಸಣ್ಣ ಬಾಲದಿಂದ ದ್ವೀಪಗಳ ಸಾಲು.

ಆ ಸಾಲು ನಕಾಶೆಯಲ್ಲೇ ಕಾಣುತ್ತದೆ. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್, ಅದರಾಚೆ ಮಾರಿಷಸ್, ಕೊನೆಗೆ ಇಂದಿಗೂ ಲಾವಾ ಉಗುಳುವ ರೀಯೂನಿಯನ್. 1987ರಲ್ಲಿ ಸಮುದ್ರತಳ ಕೊರೆದು ತೆಗೆದ ಬಸಾಲ್ಟಿನ ವಯಸ್ಸು ಮಾಲ್ದೀವ್ಸ್ ಬಳಿ ಸುಮಾರು 5.7 ಕೋಟಿ ವರ್ಷ, ಚಾಗೋಸ್ ಬಳಿ 4.9 ಕೋಟಿ. ತೆಂಕಣಕ್ಕೆ ಹೋದಷ್ಟೂ ಕಲ್ಲು ಎಳೆಯದು. ಭಾರತ ಬಡಗಣಕ್ಕೆ ಜಾರಿದ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. 2012–13ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ರೀಯೂನಿಯನ್ ಸುತ್ತಲಿನ ಕಡಲತಳದಲ್ಲಿ 57 ಭೂಕಂಪನಮಾಪಕಗಳನ್ನು ಇಳಿಸಿದರು. ಬಿಸಿ ಬಂಡೆಯಲ್ಲಿ ಭೂಕಂಪನದ ಅಲೆಗಳು ನಿಧಾನವಾಗುತ್ತವೆ. ಅದನ್ನೇ ಹಿಡಿದು 2021ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಬಿಸಿಯ ಬೇರು ಗರ್ಭದ ಗಡಿಯವರೆಗೂ ಇಳಿದಿತ್ತು. ಆದರೆ ಅದು ನೆಟ್ಟಗಿನ ಕೊಳವೆಯಾಗಿರಲಿಲ್ಲ, ಕವಲೊಡೆದ ಮರದಂತಿತ್ತು.

ಇನ್ನೊಂದು ಬಣದವರಿಗೆ ಅಷ್ಟು ಆಳಕ್ಕೆ ಇಳಿಯುವ ಅಗತ್ಯವೇ ಕಾಣುವುದಿಲ್ಲ. ಡಾನ್ ಆಂಡರ್ಸನ್, ಜಿಲಿಯನ್ ಫೌಲ್ಗರ್, ನಮ್ಮಲ್ಲಿ ಐಐಟಿ ಬಾಂಬೆಯ ಹೇತು ಶೇಠ್ ಈ ಪಕ್ಷದ ಮುಖ್ಯ ವಕೀಲರು. ನರ್ಮದಾ, ತಾಪಿ, ಖಂಬಾತ್ ಸೀಳುಗಳು ಮೊದಲೇ ಇದ್ದವು, ಪಶ್ಚಿಮದ ಅಂಚು ಸೆಶೆಲ್ಸ್‌ನಿಂದ ಬೇರ್ಪಡಲು ಎಳೆದಾಡುತ್ತಿತ್ತು. ಭೂಫಲಕ ಸೀಳಿದಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕೆಳಗಿನ ಬಂಡೆ ಕರಗುತ್ತದೆ. ಹಿಂದೆಂದೋ ಒಳಸರಿದ ಹಳೆಯ ಸಾಗರತಳದ ತುಣುಕು ಅಲ್ಲಿದ್ದರೆ ಅದು ಇನ್ನೂ ಕಡಿಮೆ ಬಿಸಿಗೆ ಕರಗುತ್ತದೆ. ಬಿರುಕೂ ಸಾಮಗ್ರಿಯೂ ಕೈಯಳತೆಯಲ್ಲೇ ಇರುವಾಗ ಪ್ಲೂಮ್ ಯಾಕೆ ಎಂಬುದು ಅವರ ಪ್ರಶ್ನೆ.

ಅವರ ಬಲವಾದ ವಾದ ನೆಲ ಉಬ್ಬಬೇಕಿತ್ತು ಎಂಬುದರ ಬಗ್ಗೆ. ಪ್ಲೂಮಿನ ತಲೆ ಬಂದು ತಾಗಿದರೆ ಲಾವಾ ಉಕ್ಕುವ ಮೊದಲೇ ನೆಲ ಒಂದು ಕಿಲೋಮೀಟರಿನಷ್ಟು ಎತ್ತರಕ್ಕೆ ಏಳಬೇಕು, ಕೊರೆತಕ್ಕೆ ಸಿಗಬೇಕು. ಆದರೆ ಟ್ರ್ಯಾಪ್ ಅಡಿಯಲ್ಲಿ ಸಿಗುವ ಲಮೇಟಾ ಪದರಗಳು ಕೆರೆ ಮತ್ತು ಹೊಳೆಗಳ ತಗ್ಗುನೆಲದವು. ಡೈನೊಸಾರ್ ಮೊಟ್ಟೆಗಳೂ ಅಲ್ಲಿ ಕೊಚ್ಚಿಹೋಗದೆ ಉಳಿದಿವೆ. ನೆಲ ಉಬ್ಬಿತ್ತು ಎನ್ನಲು ಸಾಕ್ಷಿಯಾಗಿ 1989ರಲ್ಲಿ ಕೀತ್ ಕಾಕ್ಸ್ ನದಿಗಳನ್ನು ತೋರಿಸಿದ್ದರು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರ ನೂರು ಕಿಲೋಮೀಟರ್ ಕೂಡ ಇಲ್ಲ, ಆದರೂ ಅದು ಬೆನ್ನು ತಿರುಗಿಸಿ ಬಂಗಾಳ ಕೊಲ್ಲಿಗೇ ಹೋಗುತ್ತದೆ. ಹಳೆಯ ಉಬ್ಬಿನ ಇಳಿಜಾರು ಇದು ಎಂದರು ಕಾಕ್ಸ್. ಘಟ್ಟ ಎದ್ದದ್ದು ಲಾವಾದ ನಂತರ, ನದಿ ಹರಿಯುವುದೂ ಲಾವಾದ ಮೇಲೆಯೇ, ಲಾವಾಕ್ಕಿಂತ ಮುಂಚಿನ ನೆಲಕ್ಕೆ ಅದು ಹೇಗೆ ಸಾಕ್ಷಿಯಾದೀತು ಎಂದರು ಶೇಠ್. ಈ ಒಂದು ವಿಷಯದಲ್ಲಿ ನನಗೆ ಶೇಠ್ ಹೇಳಿದ್ದೇ ಸರಿ ಅನಿಸುತ್ತದೆ. ಪ್ಲೂಮ್ ಪಕ್ಷದವರು ಉಬ್ಬು ಕಾಣದ ಕಡೆಯೆಲ್ಲ ಪ್ಲೂಮಿನ ಗಾತ್ರ, ಸಾಂದ್ರತೆ, ವೇಗ ಬದಲಿಸಿ ಪಾರಾಗುತ್ತಾರೆ. ಏನು ಸಿಕ್ಕರೂ ಹೊಂದಿಕೊಳ್ಳುವ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆ?

ಪ್ಲೂಮ್ ಪಕ್ಷದ ಹೀಲಿಯಂ ಸಾಕ್ಷ್ಯವೂ ಮೊದಲಿನಷ್ಟು ಗಟ್ಟಿಯಾಗಿಲ್ಲ. ರಾಜಸ್ಥಾನದ ಮುಂಡ್ವಾರಾ ಶಿಲೆಯಲ್ಲಿ ಆಳದ ಗುರುತೆನಿಸಿದ ಹೀಲಿಯಂ-3ರ ಪಾಲು ಹೆಚ್ಚಿದೆ, ಇದು ಆಳದಿಂದ ಬಂದ ಪ್ಲೂಮಿನ ಮೊದಲ ಹೆಜ್ಜೆ ಎಂದು 1993ರಲ್ಲಿ ಸಾರಲಾಗಿತ್ತು. 2017ರ ಕಾಲನಿರ್ಣಯದಲ್ಲಿ ಮುಂಡ್ವಾರಾ ಒಮ್ಮೆಗೇ ಆದದ್ದಲ್ಲ, ಸುಮಾರು 5 ಕೋಟಿ ವರ್ಷಗಳ ಅವಧಿಯಲ್ಲಿ ಹಲವು ಕಂತುಗಳಲ್ಲಿ ಆದದ್ದು ಎಂದು ತಿಳಿಯಿತು. ಹಾಗಾದರೆ ಅದನ್ನೆಲ್ಲ ಒಂದೇ ಪ್ಲೂಮಿನ ಮೊದಲ ಹೆಜ್ಜೆ ಎನ್ನುವುದು ಕಷ್ಟ.

ಇಷ್ಟಾದರೂ ತಕ್ಕಡಿ ನನ್ನ ಕಣ್ಣಿಗೆ ಪ್ಲೂಮಿನ ಕಡೆಗೇ ತುಸು ವಾಲುತ್ತದೆ. ಕಾರಣ ಕಾಲಕ್ರಮ. ಸೆಶೆಲ್ಸ್ ಪೂರ್ತಿ ಕಳಚಿಕೊಂಡದ್ದು ಸುಮಾರು 6.3 ಕೋಟಿ ವರ್ಷಗಳ ಹಿಂದೆ, ಅಂದರೆ ಲಾವಾದ ಮುಖ್ಯ ಪ್ರವಾಹ ಮುಗಿದ ಮೇಲೆ. ಸೀಳೇ ಲಾವಾಕ್ಕೆ ಕಾರಣವಾಗಿದ್ದರೆ ಅಬ್ಬರ ಸೀಳಿನ ಹೊತ್ತಿಗೆ ಇರಬೇಕಿತ್ತು. ಕಳಚುವ ಮುಂಚೆಯೇ ಎಳೆತ ಶುರುವಾಗಿತ್ತಲ್ಲ ಎಂದು ಎದುರು ಬಣ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಬರೀ ಎಳೆತಕ್ಕೆ ಅಷ್ಟು ಪರಿಮಾಣ ಒದಗೀತೇ? ಮಾಮೂಲಿ ಬಿಸಿಯ ಕವಚ ಸಾಗರದ ನಡುವೆ ಪೂರ್ತಿ ಸೀಳಿ ತೆರೆದಾಗಲೂ ಹುಟ್ಟುವುದು ಸುಮಾರು 7 ಕಿಲೋಮೀಟರ್ ದಪ್ಪದ ಚಿಪ್ಪು. ದಖನ್ನಿನಲ್ಲಿ ಖಂಡ ಪೂರ್ತಿ ಬಾಯ್ಬಿಟ್ಟೂ ಇರಲಿಲ್ಲ, ಹಾಗಾಗಿ ಅಲ್ಲಿ ಹುಟ್ಟಬೇಕಿದ್ದದ್ದು ಇನ್ನೂ ಕಡಿಮೆ.

ಎದುರು ಬಣಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಪಟ್ಟು ಸಿಗುತ್ತದೆ. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಸುಮಾರು 9 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಬೇರ್ಪಟ್ಟ ಕಾಲದವು. ಒಂದೇ ಅಂಚು ಎರಡು ಸಲ ಹರಿಯಿತು, ಎರಡು ಸಲವೂ ಲಾವಾ ಬಂತು. ಮೊದಲನೆಯದಕ್ಕೆ ಮೇರಿಯನ್ ಪ್ಲೂಮ್, ಎರಡನೆಯದಕ್ಕೆ ರೀಯೂನಿಯನ್ ಪ್ಲೂಮ್ ಎಂದು ಒಂದೊಂದು ಸಲಕ್ಕೆ ಒಂದೊಂದನ್ನು ಕರೆತರುವುದು ತೀರಾ ಅನುಕೂಲದ ಮಾತಾಯಿತು ಎಂದು ಅವರು ಚುಚ್ಚಿದರೆ ತಪ್ಪೆನ್ನಲಾರೆ. ಆದರೆ ಸ್ಪೇನ್ ಮತ್ತು ಪೋರ್ಚುಗಲ್‌ನ ಪಶ್ಚಿಮ ಅಂಚೂ ನ್ಯೂಫೌಂಡ್‌ಲ್ಯಾಂಡಿನಿಂದ ಹರಿದು ಬೇರಾದದ್ದೇ. ಅಲ್ಲಿ ಸಾಗರ ತೆರೆಯಿತು, ಲಾವಾ ಮಾತ್ರ ಹೆಸರಿಗಷ್ಟೇ ಬಂತು. ಸೀಳೊಂದೇ ಸಾಕು ಎನ್ನುವವರು ಈ ವ್ಯತ್ಯಾಸಕ್ಕೆ ಕವಚದ ಸಾಮಗ್ರಿ ಬೇರೆಯಿತ್ತು ಎಂಬ ಉತ್ತರ ಕೊಡುತ್ತಾರೆ. ಹಾಗಿದ್ದರೆ ಆ ಸಾಮಗ್ರಿ ದಖನ್ನಿನ ಅಡಿಯಲ್ಲೇ ಇತ್ತೆಂದು ಲಾವಾವನ್ನು ಬಿಟ್ಟು ಬೇರೆ ಸಾಕ್ಷ್ಯದಿಂದ ತೋರಿಸುವ ಹೊಣೆ ಅವರದೇ.