ದಪ್ಪ ಹಲಗೆ ಹಾಕಿದರೂ ಮೇಜು ಅಲ್ಲಾಡುವುದೇಕೆ?

ಎರಡಿಂಚಿನ ಸಾಗವಾನಿ ಹಲಗೆ, ನಾಲ್ಕು ದಪ್ಪ ಕಾಲು, ಉದ್ದನೆಯ ಮೊಳೆ ಇದ್ದರೆ ಮೇಜು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಮನೆಯಲ್ಲೇ ಕೆಲಸದ ಮೇಜು ಮಾಡಿಕೊಳ್ಳುವ ವಿಡಿಯೊಗಳ ಜೊತೆ ಇಂಥ ಮಾತು ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ನಂಬಿ ಮಾಡಿದರೆ ಹಣ ಹೋಗುತ್ತದೆ. ಕಟಿಂಗ್ ಮಷೀನ್ ಹಿಡಿದಾಗ ಆ ಮೇಜು ಓಲಾಡಿದರೆ ಬೆರಳೂ ಹೋದೀತು.

ಹಲಗೆ ದಪ್ಪವಾದಷ್ಟೂ ಬಾಗುವುದು ಕಡಿಮೆ, ಅದು ನಿಜ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಆದರೆ ಮೇಜು ಕೆಡುವುದು ಬಾಗಿ ಅಲ್ಲ, ಪಕ್ಕಕ್ಕೆ ಓಲಾಡಿ. ಬೆಂಕಿಪೊಟ್ಟಣದ ಒಳಗಿನ ಡಬ್ಬಿ ತೆಗೆದು ಹೊರಕವಚವನ್ನು ಪಕ್ಕದಿಂದ ಒತ್ತಿ ನೋಡಿ, ಚಪ್ಪಟೆಯಾಗಿ ಮಲಗುತ್ತದೆ. ಡಬ್ಬಿ ತುರುಕಿ ಒತ್ತಿ, ಅಲುಗುವುದಿಲ್ಲ. ನಾಲ್ಕು ಮೂಲೆಯ ಚೌಕಟ್ಟು ಸುಲಭವಾಗಿ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಹಾಗಾಗಿ ಕಾಲುಗಳಿಗೆ ಕೆಳಗೊಂದು ಅಡ್ಡಪಟ್ಟಿ, ಹಿಂಬದಿಗೆ ಓರೆಪಟ್ಟಿ ಅಥವಾ ಒಂದು ತುಂಡು ಪ್ಲೈವುಡ್ ಬೇಕೇ ಬೇಕು. ದುಡ್ಡು ಮಿಗಿಸಬೇಕೆಂದರೆ ಹಲಗೆಯ ದಪ್ಪದಲ್ಲಿ ಮಿಗಿಸಿ, ಇದರಲ್ಲಿ ಬೇಡ.

ಮೊಳೆಯ ಮಾತೂ ಅಷ್ಟೆ. ಮರದ ಎಳೆಗಳು ಹುಲ್ಲಿನ ಕಟ್ಟಿನಂತೆ ಉದ್ದಕ್ಕೆ ಇರುತ್ತವೆ. ಅಡ್ಡಪಟ್ಟಿಯ ತುದಿಗೆ ಹೊಡೆದ ಮೊಳೆ ಎಳೆಗಳ ಸಂದಿಗೆ ಇಳಿಯುತ್ತದೆ, ಎಳೆದರೆ ಬರುತ್ತದೆ. ಬಡಗಿಗಳು ಕಾಲಿನಲ್ಲಿ ಚೌಕ ತೂತು ಕೊರೆದು, ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂರಿಸುವುದು ಇದಕ್ಕೇ. ಆ ಕೈಚಳಕ ನಮಗಿಲ್ಲದಿದ್ದರೆ ಬೋಲ್ಟು, ನಟ್ಟು, ವಾಷರ್ ಸಾಕು. ಸಡಿಲವಾದಾಗ ಬಿಗಿ ಮಾಡಲೂಬಹುದು.

ಇನ್ನು ನಮ್ಮ ಊರಿನ ಹವೆ. ಹೊಸಪೇಟೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸು. ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳ ನಡುವೆ, ಕಂಪ್ಲಿಯ ಭತ್ತದ ಗದ್ದೆಗಳ ಪಕ್ಕ ಗೋಡೆಯೂ ಬೆವರುತ್ತದೆ. ಮರ ಈ ತೇವವನ್ನು ಹೀರುತ್ತದೆ, ಬಿಡುತ್ತದೆ. ಹಸಿ ಸಾಗವಾನಿ ಪೂರ್ತಿ ಒಣಗಿದರೆ ಅಗಲದಲ್ಲಿ ಶೇ. 5ರಷ್ಟು ಕುಗ್ಗಬಹುದು. ಅದರ ಅರ್ಧ ಕುಗ್ಗಿದರೂ ಎರಡಡಿ ಅಗಲದ ಮೇಲ್ಭಾಗದಲ್ಲಿ ಅರ್ಧ ಇಂಚು ಮಾಯ. ಉದ್ದದಲ್ಲಿ ಮಾತ್ರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಲಗೆಯನ್ನು ಚೌಕಟ್ಟಿಗೆ ಎಲ್ಲ ಕಡೆ ಬಿಗಿದಿದ್ದರೆ ಅದು ಸೀಳದೆ ಇನ್ನೇನು ಮಾಡೀತು? ಹೊಸ ಮೇಜು ಬಿರುಕು ಬಿಟ್ಟರೆ ದೃಷ್ಟಿ ತಾಗಿತು ಎನ್ನುವುದುಂಟು, ತಾಗಿದ್ದು ಬಿಸಿಲು. ಚೌಕಟ್ಟಿನ ಸ್ಕ್ರೂ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಕೊರೆದರೆ ಹಲಗೆಗೆ ಸರಿದಾಡಲು ಜಾಗ ಸಿಗುತ್ತದೆ.

ಮರ ಒಣಗಿದೆಯೇ ಎಂದು ತಿಳಿಯಲು ಒಂದು ತಕ್ಕಡಿ ಸಾಕು. ಹಲಗೆಯನ್ನು ನೆರಳಲ್ಲಿ, ನಡುವೆ ರಿಪೀಸು ಇಟ್ಟು ಗಾಳಿಯಾಡುವಂತೆ ಪೇರಿಸಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ. ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲು ಚೌಕಟ್ಟು ನನಗೆ ಹೊಸ ಮರಕ್ಕಿಂತ ಇಷ್ಟ. ಒಣಗುವುದೆಲ್ಲ ಅಲ್ಲೇ ಮುಗಿದಿರುತ್ತದೆ. ಗರಗಸ ಇಡುವ ಮುಂಚೆ ಹಳೆ ಮೊಳೆ ಹುಡುಕಿ ಕೀಳಬೇಕು, ಅಷ್ಟೆ.

ಸಾಗವಾನಿಗೆ ಹುಳು ಬೀಳುವುದೇ ಇಲ್ಲವೆನ್ನುವುದು ಅರ್ಧ ಸತ್ಯ. ಗೆದ್ದಲನ್ನು ತಡೆಯುವುದು ನಡುವಿನ ಕಂದು ಚೇಗು. ಅಂಚಿನ ಬಿಳಿ ಭಾಗವನ್ನು ಹುಳು ತಿನ್ನುತ್ತದೆ, ಕೊಳ್ಳುವಾಗ ಅದನ್ನೇ ನೋಡಿ. ಹಂಪಿಯ ರಾಜರ ಆವರಣದಲ್ಲಿರುವ ನೂರು ಕಂಬದ ಸಭಾಂಗಣದಲ್ಲಿ ಇಂದು ಕಾಣುವುದು ಮರದ ಕಂಬ ನಿಲ್ಲಿಸಲು ಕಲ್ಲಿನಲ್ಲಿ ಕೊರೆದ ಕುಳಿಗಳು ಮಾತ್ರ. ನಮ್ಮ ಹಳೆ ಮನೆಗಳಲ್ಲೂ ಮರದ ಕಂಬವನ್ನು ನೆಲಕ್ಕೆ ಊರದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಅಂಗಳದಲ್ಲೋ ಶೆಡ್ಡಿನಲ್ಲೋ ಮೇಜು ಇಡುವವರು ಪ್ರತಿ ಕಾಲಿನಡಿ ಒಂದೊಂದು ಕಲ್ಲಿನ ತುಂಡು ಇಟ್ಟರೆ ನೆಲದ ತೇವ ಮೇಲೇರುವುದಿಲ್ಲ, ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಕಣ್ಣಿಗೂ ಬೀಳುತ್ತದೆ.

ಈಗಾಗಲೇ ಅಲ್ಲಾಡುತ್ತಿರುವ ಮೇಜನ್ನು ಎಸೆಯಬೇಕಿಲ್ಲ. ಗೋಡೆ ಕಡೆಯ ಎರಡು ಕಾಲುಗಳಿಗೆ ಸೇರುವಂತೆ ಒಂದಡಿ ಎತ್ತರದ ಪ್ಲೈವುಡ್ ತುಂಡನ್ನು ಸ್ಕ್ರೂ ಹಾಕಿ ಬಿಗಿದು, ಮತ್ತೆ ಅಲ್ಲಾಡಿಸಿ ನೋಡಿ.