ಕೇಳದೆ ಮಾಡುವ ಉಪಕಾರ

ಕೇಳದೆ ಮಾಡುವ ಉಪಕಾರವೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು ಹೊಟ್ಟೆ ಹೊರೆಯುವ ನನ್ನಂಥವರಿಗೆ ಸೆಟಪ್‌ಟೂಲ್ಸ್ ಎಂಬ ಸಲಕರಣೆ ಮಾಡುತ್ತಿರುವುದು ಅಂಥದೇ ಉಪಕಾರ. ಬರೆದದ್ದನ್ನು ಇನ್ನೊಬ್ಬರಿಗೆ ಕೊಡಲು ಗಂಟು ಕಟ್ಟಬೇಕಷ್ಟೆ. ಆ ಗಂಟಿಗೆ ಯಾವ ಫೋಲ್ಡರುಗಳು ಹೋಗಬೇಕೆಂದು ಹಿಂದೆ ನಾವೇ ಹೇಳಬೇಕಿತ್ತು. 2022ರ ಮಾರ್ಚಿನಲ್ಲಿ ಬಂದ 61ನೇ ಆವೃತ್ತಿಯಿಂದೀಚೆಗೆ, ನಾವು ಬಾಯಿ ಬಿಡದಿದ್ದರೆ ಅದೇ ಹುಡುಕಿ ತುಂಬಿಕೊಳ್ಳುತ್ತದೆ. ನೇಮ್‌ಸ್ಪೇಸ್ ಪ್ಯಾಕೇಜುಗಳನ್ನೂ ಬಿಡುವುದಿಲ್ಲ.

ಏನಪ್ಪಾ ಇದು ನೇಮ್‌ಸ್ಪೇಸ್ ಎನ್ನುವಿರೋ? ನಮ್ಮ ಸಹಕಾರನಗರದಲ್ಲಿ ಬರೀ ‘ಐದನೇ ಕ್ರಾಸ್’ ಎಂದು ನೋಡಿ, ಆಟೋದವನು ‘ಯಾವ ಬ್ಲಾಕು ಸಾರ್?’ ಎನ್ನುತ್ತಾನೆ. ಬ್ಲಾಕಿಗೆ ತನ್ನದೇ ಗೋಡೆಯಿಲ್ಲ, ಬಾಗಿಲಿಲ್ಲ. ಯಾರು ಯಾರೋ ಯಾವಾಗಲೋ ಕಟ್ಟಿಕೊಂಡ ಮನೆಗಳು ಆ ಒಂದು ಹೆಸರನ್ನು ಹಂಚಿಕೊಂಡಿವೆ. ಗೂಗಲ್ ಕ್ಲೌಡಿನ ಪೈಥಾನ್ ಪ್ಯಾಕೇಜುಗಳು ಬೇರೆ ಬೇರೆಯಾಗಿ ಬಂದರೂ ಒಂದೇ ಹೆಸರಿನಡಿ ಕೂರುವುದು ಹೀಗೆ. ಒಳ್ಳೆಯ ವ್ಯವಸ್ಥೆಯೇ.

ತಂಟೆ ಬೇರೆಡೆ ಇದೆ. ಮೊದಲು ಫೋಲ್ಡರೊಂದು ಪ್ಯಾಕೇಜ್ ಎನಿಸಿಕೊಳ್ಳಲು ಅದರೊಳಗೆ ‘ಇನಿಟ್’ ಎಂಬ ಫೈಲು ಬೇಕಿತ್ತು, ಗೇಟಿನ ಮೇಲಿನ ನಾಮಫಲಕದಂತೆ. 2012ರಲ್ಲಿ ಪೈಥಾನ್ 3.3 ಬಂದಾಗ, 420ನೇ ಪೆಪ್ ಪ್ರಕಾರ, ಫಲಕವಿಲ್ಲದ ಫೋಲ್ಡರೂ ನೇಮ್‌ಸ್ಪೇಸ್ ಆಯಿತು. ಅಲ್ಲಿಂದ ಫಲಕ ಇಲ್ಲದಿರುವುದಕ್ಕೆ ಎರಡು ಅರ್ಥ: ಬೇಕೆಂದೇ ಹಾಕಿಲ್ಲ, ಅಥವಾ ಹಾಕಲು ಮರೆತಿದ್ದಾರೆ. ಮನುಷ್ಯನಾದರೆ ಕೇಳಿ ತಿಳಿದಾನು. ಯಂತ್ರ ಕೇಳುವುದಿಲ್ಲ. ಹಳೆಯ ಹುಡುಕಾಟ ಫಲಕವಿಲ್ಲದ್ದನ್ನು ಸದ್ದಿಲ್ಲದೆ ಬಿಟ್ಟುಹೋಗುತ್ತಿತ್ತು. ಬರೆದವನ ಕಂಪ್ಯೂಟರಿನಲ್ಲಿ ಫೋಲ್ಡರು ಕಣ್ಣೆದುರೇ ಇರುವುದರಿಂದ ಎಲ್ಲ ಸುಸೂತ್ರ, ಗಿರಾಕಿಯ ಬಳಿ ಮಾತ್ರ ಮುಗ್ಗರಿಕೆ. ಹೊಸದು ಸದ್ದಿಲ್ಲದೆ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಮೊದಲನೆಯದೇ ವಾಸಿ. ಬಿಟ್ಟುಹೋದದ್ದಕ್ಕೆ ಗಿರಾಕಿ ಬೈದು ಫೋನು ಮಾಡುತ್ತಾನೆ. ಹೆಚ್ಚಾಗಿ ಹೋದದ್ದಕ್ಕೆ ಯಾರೂ ಫೋನು ಮಾಡುವುದಿಲ್ಲ. ಪ್ಯಾಕೇಜಿನ ಒಳಮೂಲೆಯಲ್ಲಿ ‘ಹಳೇದು’ ಎಂಬ ಫೋಲ್ಡರು, ಅದರಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬರೆದಿಟ್ಟ ಪೈಥಾನ್ ಫೈಲು ಇದ್ದರೆ ಅದೂ ಗಂಟಿನೊಳಗೆ. ಒಮ್ಮೆ ಸಾರ್ವಜನಿಕ ಭಂಡಾರಕ್ಕೆ ಏರಿಸಿದ ಮೇಲೆ ಅಳಿಸಿದರೇನು, ಇಳಿಸಿಕೊಂಡವರ ಬಳಿ ಇದ್ದೇ ಇರುತ್ತದೆ.

ಸೆಟಪ್‌ಟೂಲ್ಸ್ ಅಷ್ಟು ದಡ್ಡನಲ್ಲ ಎಂದು ವಾದಿಸುವವರಿದ್ದಾರೆ. ನಿಜ. ಟೆಸ್ಟ್ಸ್, ಡಾಕ್ಸ್, ಎಕ್ಸಾಂಪಲ್ಸ್ ಮುಂತಾದ ಹೆಸರುಗಳು ಮೇಲ್ಮಟ್ಟದಲ್ಲಿ ಕಂಡರೆ ಅದು ಬಿಟ್ಟುಬಿಡುತ್ತದೆ. ಆಮೇಲೂ ಒಂದಕ್ಕಿಂತ ಹೆಚ್ಚು ಉಳಿದರೆ ‘ನನ್ನಿಂದಾಗದು’ ಎಂದು ಕೈಚೆಲ್ಲುತ್ತದೆ. ಆ ಕೈಚೆಲ್ಲುವಿಕೆಯೇ ಇಡೀ ಏರ್ಪಾಡಿನಲ್ಲಿ ನನಗೆ ಮೆಚ್ಚಿಗೆಯಾದದ್ದು! ಆದರೆ ಪಟ್ಟಿಯಲ್ಲಿರುವುದೆಲ್ಲ ಇಂಗ್ಲಿಷ್ ಹೆಸರು. ನಾನು ‘ಪರೀಕ್ಷೆ’ ಎಂದು ಹೆಸರಿಟ್ಟರೆ ಅದಕ್ಕೇನು ಗೊತ್ತು? ಇನ್ನು ಎಲ್ಲವನ್ನೂ ‘ಎಸ್‌ಆರ್‌ಸಿ’ ಎಂಬ ಫೋಲ್ಡರಿನೊಳಗಿಟ್ಟವರಿಗೆ ಈ ಪಟ್ಟಿಯ ಕಾವಲೂ ಇಲ್ಲ, ಒಳಗಿದ್ದದ್ದೆಲ್ಲ ಪ್ಯಾಕೇಜೇ.

ದೊಡ್ಡ ಯೋಜನೆಗಳಲ್ಲಿ ಪಟ್ಟಿ ಬರೆಯುತ್ತ ಕೂರಲಾದೀತೆ ಎಂಬ ತಕರಾರು ಉಂಟು. ಯಾರು ಕೂರಲು ಹೇಳಿದರು? ಎಲ್ಲಿ ಹುಡುಕಬೇಕು, ಯಾವ ಹೆಸರಿನಿಂದ ಶುರುವಾದದ್ದನ್ನು ತೆಗೆದುಕೊಳ್ಳಬೇಕು, ನೇಮ್‌ಸ್ಪೇಸ್ ಬೇಕೋ ಬೇಡವೋ, ಮೂರು ಸಾಲಿನ ಕೆಲಸ. ಆ ಮೂರನೆಯ ಸಾಲನ್ನು ಬರೆಯದಿದ್ದರೆ ‘ಬೇಕು’ ಎಂದೇ ಸೆಟಪ್‌ಟೂಲ್ಸ್ ತಿಳಿಯುತ್ತದೆ. ‘ಬೇಡ’ ಎಂದು ತಿಳಿಯಬೇಕಿತ್ತು. ಹೆಸರನ್ನು ನಿಜವಾಗಿ ಹಂಚಿಕೊಳ್ಳುವವರು ಎಷ್ಟು ಮಂದಿ? ಅವರು ಕೇಳಿ ಪಡೆಯಲಿ. ಅಲ್ಲಿಯವರೆಗೆ ನಾನಂತೂ ಗಂಟನ್ನು ಬಿಚ್ಚಿ ನೋಡದೆ ಕಳಿಸುವುದಿಲ್ಲ. ವೀಲ್ ಎಂಬ ಆ ಫೈಲು ಬರೀ ಜಿಪ್. ಒಳಗಿನ ಹೆಸರುಗಳನ್ನು ಓದಿ ಮುಗಿಸುವಾಗ ಲೋಟದ ಕಾಫಿ ಇನ್ನೂ ಬಿಸಿಯಾಗಿಯೇ ಇರುತ್ತದೆ.