ಜಿಗಣೆಯಿಂದ ಹೆಪಾರಿನ್‌ವರೆಗೆ

ರಕ್ತವು ಹೆಪ್ಪುಗಟ್ಟುವ ಗುಣ ಪ್ರಕೃತಿಯು ಜೀವಿಗಳಿಗೆ ತೊಡಿಸಿರುವ ಕವಚ. ಅದಿಲ್ಲದಿದ್ದರೆ ಸಣ್ಣ ಗಾಯವೂ ಪ್ರಾಣಕ್ಕೆ ಎರವಾದೀತು. ಆದರೆ ಮೂತ್ರಪಿಂಡಗಳು ಕೆಟ್ಟ ರೋಗಿಗೆ ಈ ಕವಚವೇ ತೊಡಕಾಗಿ ಪರಿಣಮಿಸುವುದುಂಟು. ಅವನ ರಕ್ತದಲ್ಲಿ ಕೂಡಿಕೊಂಡ ಕಶ್ಮಲವನ್ನು ತೊಳೆಯಬೇಕಾದರೆ, ರಕ್ತವನ್ನು ದೇಹದಿಂದ ಹೊರಗೆ ಹರಿಸಿ, ಡಯಾಲಿಸಿಸ್ ಯಂತ್ರದ ತೆಳುಪೊರೆಯ ಮಗ್ಗುಲಲ್ಲಿ ಹಾಯಿಸಿ, ಮತ್ತೆ ಒಳಗೆ ಕಳುಹಿಸಬೇಕು. ರಕ್ತವಾದರೋ ಪರಕೀಯ ವಸ್ತುವನ್ನು ಸೋಂಕಿದೊಡನೆ ಗಾಯವಾಯಿತೆಂದೇ ಬಗೆದು ಹೆಪ್ಪುಗಟ್ಟತೊಡಗುತ್ತದೆ. ಕೊಳವೆ ಕಟ್ಟಿಕೊಂಡರೆ ಚಿಕಿತ್ಸೆಯೂ ನಿಂತಿತು, ಅದರೊಳಗಿನ ರಕ್ತವೂ ನಷ್ಟವಾಯಿತು.

ಈ ತೊಡಕಿಗೆ ಮೊದಲು ನೆರವಾದುದು ಕ್ಷುದ್ರಜೀವಿಯಾದ ಜಿಗಣೆ! ಜಿಗಣೆ ಕಚ್ಚಿ ಬಿಟ್ಟ ಮೇಲೂ ನೆತ್ತರು ಒಸರುತ್ತಲೇ ಇರುವುದನ್ನು ಕೆಸರುಗದ್ದೆಗೆ ಇಳಿದವರೆಲ್ಲ ಬಲ್ಲರು. ಅದರ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ದ್ರವ್ಯವೇ ಇದಕ್ಕೆ ಕಾರಣ. 1913ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಜೇಕಬ್ ಏಬೆಲ್ ಮತ್ತು ಅವರ ಸಂಗಡಿಗರು ಹಿರುಡಿನ್ ಬೆರೆಸಿಯೇ ನಾಯಿಗಳ ರಕ್ತವನ್ನು ಯಂತ್ರದಲ್ಲಿ ಹರಿಸಿದರು. 1924ರಲ್ಲಿ ಜರ್ಮನಿಯ ಗೀಸೆನ್ ನಗರದಲ್ಲಿ ಗೇಯಾರ್ಗ್ ಹಾಸ್ ಎಂಬ ವೈದ್ಯರು ಮನುಷ್ಯನ ಮೇಲೆ ಮೊತ್ತಮೊದಲ ಡಯಾಲಿಸಿಸ್ ನಡೆಸಿದಾಗಲೂ ಬಳಸಿದ್ದು ಇದನ್ನೇ. ಆ ಚಿಕಿತ್ಸೆ ನಡೆದದ್ದು ಕೇವಲ 15 ನಿಮಿಷ. ಹಿರುಡಿನ್ ಶುದ್ಧವಾಗಿರದೆ ರೋಗಿಗಳಿಗೆ ಬಾಧೆಯನ್ನೂ ತರುತ್ತಿತ್ತು.

ಅಷ್ಟರಲ್ಲಿ ಉತ್ತಮವಾದ ಇನ್ನೊಂದು ದ್ರವ್ಯದ ಸುಳಿವು ದೊರೆತಿತ್ತು. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿಯೇ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯವನ್ನು ಅರಸುತ್ತಿದ್ದಾಗ, ಅದನ್ನು ತಡೆಯುವ ದ್ರವ್ಯ ಯಕೃತ್ತಿನಲ್ಲಿ ಕಂಡುಬಂದಿತು. ಅವನ ಗುರು ವಿಲಿಯಂ ಹೊವೆಲ್, ಯಕೃತ್ತಿನಿಂದ ಪಡೆದ ಇಂತಹ ದ್ರವ್ಯಕ್ಕೆ 1918ರಲ್ಲಿ ಹೆಪಾರಿನ್ ಎಂದು ಹೆಸರಿಟ್ಟರು. ಗ್ರೀಕರ ಭಾಷೆಯಲ್ಲಿ ‘ಹೆಪಾರ್’ ಎಂದರೆ ಯಕೃತ್ತು. ಮುಂದೆ 1930ರ ದಶಕದಲ್ಲಿ ಅದು ಟೊರಾಂಟೊದಲ್ಲಿ ಶುದ್ಧರೂಪಕ್ಕೆ ಬಂದಿತು. 1943ರಲ್ಲಿ ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಸೆಲೋಫೇನ್ ಕೊಳವೆ ಸುತ್ತಿದ ಉರುಳೆಯಲ್ಲಿ ರೋಗಿಗಳ ರಕ್ತ ತೊಳೆಯಲಾರಂಭಿಸಿದಾಗ ಹೆಪಾರಿನ್ ಕೈಗೆ ದೊರೆತಿತ್ತು. ಮೊದಲ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಬದುಕಿದರು.

ಇಂದಿಗೂ ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಹೆಪಾರಿನ್ನೇ. ಹಂದಿಯ ಕರುಳಿನ ಒಳಪದರು ಅದರ ಮುಖ್ಯ ಮೂಲ. ಆದರೆ ಅದರ ಪ್ರಮಾಣವು ತಕ್ಕಡಿಯ ಮುಳ್ಳಿನಂತೆ. ಕಡಿಮೆಯಾದರೆ ಯಂತ್ರದಲ್ಲಿ ಹೆಪ್ಪು, ಹೆಚ್ಚಾದರೆ ದೇಹದಲ್ಲಿ ರಕ್ತಸ್ರಾವ. ಅತಿಯಾದಾಗ ಅದರ ಪ್ರಭಾವವನ್ನು ಇಳಿಸಲು ಪ್ರೋಟಮೀನ್ ಎಂಬ ಪ್ರತಿದ್ರವ್ಯವಿದೆ. ರಕ್ತಸ್ರಾವದ ಭಯವಿರುವವರಿಗೆ ಹೆಪಾರಿನ್ ಕೊಡದೆ, ಆಗಾಗ ಲವಣಜಲ ಹಾಯಿಸಿ ಕೊಳವೆಯನ್ನು ತೊಳೆಯುತ್ತ ಚಿಕಿತ್ಸೆ ನಡೆಸುವ ಪದ್ಧತಿಯುಂಟು. ಇಲ್ಲವೇ ಸಿಟ್ರೇಟ್ ಬೆರೆಸುವುದುಂಟು. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಸಿಟ್ರೇಟ್ ಅದನ್ನು ಯಂತ್ರದೊಳಗೆ ಬಂಧಿಸಿಡುತ್ತದೆ.

ಆದುದರಿಂದ ಡಯಾಲಿಸಿಸ್‌ಗೆ ಹೋಗುವ ರೋಗಿಯ ಒಂದು ಮಾತು ಬಹು ಬೆಲೆಯುಳ್ಳದ್ದು. ಹಲ್ಲು ಕೀಳಿಸಿದ್ದರೆ, ಜಾರಿಬಿದ್ದು ತಲೆಗೆ ಪೆಟ್ಟಾಗಿದ್ದರೆ, ಮಲವು ಕಪ್ಪಗಾಗಿದ್ದರೆ, ಶಸ್ತ್ರಚಿಕಿತ್ಸೆ ಸಮೀಪಿಸಿದ್ದರೆ, ಸೂಜಿ ಚುಚ್ಚುವ ಮುನ್ನವೇ ಅದನ್ನು ತಿಳಿಸಬೇಕು. ‘ಸಣ್ಣ ಸಂಗತಿ, ಹೇಳುವುದೇಕೆ?’ ಎಂಬ ಸಂಕೋಚ ಸಲ್ಲದು. ಅಂದಿನ ಹೆಪಾರಿನ್ನಿನ ಪ್ರಮಾಣವನ್ನು ವೈದ್ಯರು ನಿಶ್ಚಯಿಸುವುದು ಇಂತಹ ಸಣ್ಣ ಸಂಗತಿಗಳನ್ನು ಕೇಳಿಯೇ.